ಕಳೆದುಹೋದ ಮೂವತ್ತೊಂಬತ್ತು ಸೆಕೆಂಡು

ಮೂವತ್ತೊಂಬತ್ತು ಸೆಕೆಂಡು ಎಲ್ಲಿ ಹೋಯಿತು ಎಂದು ಸ್ಕೇಲು ಕೇಳಿದಾಗ ಬೆಳಿಗ್ಗೆ ಹತ್ತೂವರೆ. ನಮ್ಮ ಎಲೆಕ್ಟ್ರಾನಿಕ್ ಚಿಪ್ಪಿನ ಕೊನೆಯ ನಕ್ಷೆ ಅದೇ ಸಂಜೆ ಐದಕ್ಕೆ ತಯಾರಿಸುವವರ ಕೈಸೇರಬೇಕಿತ್ತು. ಒಮ್ಮೆ ಹೋಯಿತೆಂದರೆ ಮುಗಿಯಿತು, ಆಮೇಲೆ ಒಂದು ಗೆರೆಯನ್ನೂ ತಿದ್ದುವಂತಿಲ್ಲ. ಮೂರು ವರ್ಷದ ಕೆಲಸ.

ಸ್ಕೇಲು ನನ್ನ ಜೊತೆ ಲ್ಯಾಬಿನಲ್ಲಿರುವವನು. ನಕ್ಷೆಯ ಗೆರೆಗೆರೆಯೂ ಅವನ ಕೈಯದು. ಅಳೆಯದೆ ಯಾವುದನ್ನೂ ನಂಬುವವನಲ್ಲವಾದ್ದರಿಂದ ಆ ಹೆಸರು. ಅವನು ನನ್ನನ್ನು ಕರೆಯುವುದು ಮಾತಿನಮಲ್ಲಿ ಎಂದು. ದಿನವಿಡೀ ನಾನು ಆಡುವ ಮಾತನ್ನು ಬೆರಳಲ್ಲಿ ಎಣಿಸಬಹುದು ಎನ್ನುವುದು ಅದರ ತಮಾಷೆ.

ಕಳಿಸುವ ಮುನ್ನ ಎಂಬತ್ತೆರಡು ಪ್ರಶ್ನೆಗಳ ಒಂದು ಫಾರಂ ತುಂಬಬೇಕು. ಎಪ್ಪತ್ತೊಂದನೆಯದರಲ್ಲಿ ಅವನ ಪೆನ್ನು ನಿಂತಿತ್ತು. ಹೋದ ವರ್ಷದ ಮಾದರಿ ಚಿಪ್ಪಿನಿಂದ ಏಳು ದಿನ ದಾಖಲಿಸಿದ್ದ ಒಂದು ಕಡತದಲ್ಲಿ ಎಲ್ಲ ಸಮಯವನ್ನೂ ಕೂಡಿದರೆ ಏಳು ದಿನಕ್ಕೆ ಮೂವತ್ತೊಂಬತ್ತು ಸೆಕೆಂಡು ಕಡಿಮೆ ಬರುತ್ತಿತ್ತು. ಐದು ವಾರದ ಹಿಂದೆ ನಾನೇ ಅದರೆದುರು ‘ಗಡಿಯಾರದ ಹರಳಿನ ದೋಷ’ ಎಂದು ಬರೆದಿದ್ದೆ.

“ಈ ಹರಳು ಎಷ್ಟೇ ಕೆಟ್ಟರೂ ವಾರಕ್ಕೆ ಹನ್ನೆರಡು ಸೆಕೆಂಡು ತಪ್ಪಬಹುದು ಅಷ್ಟೆ,” ಅಂದ ಸ್ಕೇಲು. “ಮಿಕ್ಕಿದ್ದನ್ನ ನೀನು ತಿಂದ್ಯಾ?”

ನನಗೆ ನಗು ಬರಲಿಲ್ಲ. ಆ ಕಡತ ದೊಡ್ಡಮ್ಮನದು.

ದೊಡ್ಡಮ್ಮ ಭಾರಿ ಯಂತ್ರಗಳ ವರ್ಕ್‌ಶಾಪಿನಲ್ಲಿ ಕ್ರೇನು ನಡೆಸುತ್ತಾಳೆ. ಮಾಡಿನ ಕೆಳಗೆ ಎರಡು ಹಳಿಗಳ ಮೇಲೆ ಓಡಾಡುವ ಕ್ರೇನು, ಅದರ ಒಂದು ತುದಿಗೆ ತೂಗುಹಾಕಿದಂತೆ ಗಾಜಿನ ಗೂಡು, ಗೂಡಿನಲ್ಲಿ ಅವಳು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮನ ಅಕ್ಕನಾದ ಅವಳು ನನ್ನನ್ನು ಎತ್ತಿಕೊಂಡು ಹೋಗಿ ಸಾಕಿದಳು. ಎಂಟು ಗಂಟೆ ಆ ಸದ್ದಿನಲ್ಲಿ ಕೂತು ಬಂದವಳಿಗೆ ಮನೆಯಲ್ಲಿ ಮಾತು ಬೇಡವಾಗಿರುತ್ತಿತ್ತು. ಅದಕ್ಕೇ ನಾವಿಬ್ಬರೂ ಕ್ರೇನಿನ ಸನ್ನೆಗಳಲ್ಲೇ ಸಂಸಾರ ಮಾಡಿದೆವು. ತೋರುಬೆರಳು ಮೇಲೆತ್ತಿ ಗಾಳಿಯಲ್ಲಿ ಸುತ್ತು ಹಾಕಿದರೆ ‘ಎತ್ತು’. ಬೆರಳು ಕೆಳಗೆ ಮಾಡಿ ಸುತ್ತಿದರೆ ‘ಇಳಿಸು’. ನನ್ನ ರೇಡಿಯೋ ಜೋರಾದರೆ ಅಡುಗೆಮನೆಯ ಬಾಗಿಲಲ್ಲಿ ಅವಳ ಬೆರಳು ಕೆಳಗೆ ಸುತ್ತುತ್ತಿತ್ತು. ಹೋಮ್‌ವರ್ಕ್ ಮಾಡುತ್ತ ತೂಕಡಿಸಿದರೆ ಗಲ್ಲದ ಕೆಳಗೆ ಬೆರಳಿಟ್ಟು ಮೇಲಕ್ಕೆ ಸುತ್ತುವಳು. ಅಂಗಡಿಗೆ ಕಳಿಸುವಾಗ ರಸ್ತೆ ದಾಟುವುದನ್ನು ಹೇಳಿದಷ್ಟೇ ಶ್ರದ್ಧೆಯಿಂದ ಅವಳು ನನಗೆ ಒಂದು ನಿಯಮ ಕಲಿಸಿದ್ದಳು. ಕ್ರೇನಿನವರು ನೆಲದ ಮೇಲೆ ನಿಂತ ತಮ್ಮ ಸಿಗ್ನಲ್‌ಮ್ಯಾನ್ ಒಬ್ಬನ ಸನ್ನೆಯನ್ನೇ ಕೇಳಬೇಕು, ಮ್ಯಾನೇಜರೇ ಬಂದು ಕೈಯಾಡಿಸಿದರೂ ತಿರುಗಿ ನೋಡಬಾರದು. ಒಂದು ಸನ್ನೆಯನ್ನು ಬಿಟ್ಟು. ಎರಡೂ ತೋಳು ಅಗಲಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ ಬೀಸಿದರೆ ‘ನಿಲ್ಲಿಸು’. ಅದನ್ನು ಯಾರು ಮಾಡಿದರೂ, ಕಸ ಗುಡಿಸುವವರು ಮಾಡಿದರೂ, ನಿಲ್ಲಿಸಲೇಬೇಕು.

ಮೂರು ತಿಂಗಳ ಹಿಂದೆ ಅವಳು ಪಕ್ಕದ ಹಗ್ಗದತ್ತ ಕತ್ತು ತಿರುಗಿಸಿ ಬಟ್ಟೆ ಒಣಹಾಕುತ್ತ ಕುಸಿದಳು. ಹತ್ತು ದಿನ ಬಿಟ್ಟು, ಬೆನ್ನ ಹಿಂದಿನ ಕಪಾಟಿನತ್ತ ಕತ್ತು ಹೊರಳಿಸಿದವಳು ಮತ್ತೊಮ್ಮೆ. ಎರಡೂ ಸಲ ಎಣಿಸಿ ಐದಾರು ಕ್ಷಣ, ಅಷ್ಟರಲ್ಲಿ ಎದ್ದು ಕೂತು, ಏನೂ ಆಗಿಲ್ಲವೆಂಬಂತೆ ಸೀರೆ ಕೊಡವಿಕೊಂಡಳು. ಆಸ್ಪತ್ರೆಗೆ ಹೋದರೆ ವರ್ಕ್‌ಶಾಪಿನವರಿಗೆ ಚೀಟಿ ಹೋಗುತ್ತದೆ, ಮೇಲಿಂದ ಇಳಿಸಿ ಸ್ಟೋರಿನಲ್ಲಿ ಕೂರಿಸುತ್ತಾರೆ ಎನ್ನುವುದು ಅವಳ ಭಯ. ಕೊನೆಗೆ ರಾಜಿಯಾದದ್ದು ಹೀಗೆ.

“ನಿನ್ನದೇ ಆ ಪಟ್ಟಿ ಇದ್ಯಲ್ಲ, ಅದನ್ನೇ ಹಚ್ಚು. ನೀನೇ ನೋಡಿ ಹೇಳು. ಏನಾದ್ರೂ ಇದೆ ಅಂದ್ರೆ ಅವತ್ತೇ ನಾನಾಗಿ ಇಳೀತೀನಿ.”

ಎದೆಯ ಮೇಲೆ ಅಂಟಿಸುವ ಪಟ್ಟಿ. ಅದರೊಳಗೆ ನನ್ನ ಚಿಪ್. ಹೃದಯ ಹೊರಡಿಸುವ ಸಣ್ಣ ವಿದ್ಯುತ್ತನ್ನು ಅಂಕಿಗಳಾಗಿ ಬದಲಿಸುವುದು ಅದರ ಕೆಲಸ. ಇದೇ ಕೆಲಸದ ಬೇರೆ ಚಿಪ್ಪುಗಳು ಏನಾಗಲಿ ಬಿಡಲಿ, ಸೆಕೆಂಡಿಗೆ ಇಂತಿಷ್ಟು ಸಲ ಇಣುಕಿ ನೋಡಿ ಬರೆದುಕೊಳ್ಳುತ್ತವೆ, ಬ್ಯಾಟರಿ ತಿನ್ನುತ್ತವೆ. ನನ್ನದು ಬದಲಾವಣೆ ಇಲ್ಲದಾಗ ನಿದ್ದೆ ಹೋಗುತ್ತದೆ. ಬಡಿತ ಬಂದಾಗ ಎದ್ದು ಎರಡೇ ಸಂಖ್ಯೆ ಬರೆಯುತ್ತದೆ: ಎಷ್ಟು ಬದಲಾಯಿತು, ಅದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿತ್ತು. ಗುಂಡಿಯಷ್ಟು ಬ್ಯಾಟರಿಯಲ್ಲಿ ತಿಂಗಳು ಬಾಳುವ ಚಿಪ್. ಅಗತ್ಯವಿಲ್ಲದೆ ಬಾಯಿ ತೆರೆಯದ ಮನೆಯಲ್ಲಿ ಬೆಳೆದವಳಿಗೆ ಈ ಯೋಚನೆ ಹೊಳೆದದ್ದು ದೊಡ್ಡದೇನಲ್ಲ. ಮೌನವೂ ಬರೆಯಬೇಕಾದ ವಿಷಯವೇ ಎಂದು ನನಗೆ ಹೆಮ್ಮೆ ಇತ್ತು.

ಏಳು ದಿನ ಅವಳು ಪಟ್ಟಿ ಹಚ್ಚಿಕೊಂಡೇ ಕ್ರೇನು ನಡೆಸಿದಳು. ಏಳು ಲಕ್ಷ ಬಡಿತ. ಎರಡು ಸೆಕೆಂಡಿಗಿಂತ ಉದ್ದದ ಬಿಡುವು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಒಂದೂ ಇರಲಿಲ್ಲ. ನಿನ್ನ ಎದೆ ಗಡಿಯಾರದ ಹಾಗಿದೆ ಎಂದು ಹೇಳಿದೆ. ಅವಳು ಮಾರನೆಯ ದಿನ ಎಂದಿನಂತೆ ಬೆಳಿಗ್ಗೆ ಆರಕ್ಕೆ ಏಣಿ ಹತ್ತಿದಳು. ಐದು ವಾರದಿಂದ ಹತ್ತುತ್ತಿದ್ದಾಳೆ.

ಸ್ಕೇಲು ಆ ಕಡತವನ್ನು ತೆರೆದ. ಪಟ್ಟಿಯಿಂದ ಅಂಕಿಗಳನ್ನು ಪಡೆಯುವ ಸಣ್ಣ ಡಬ್ಬಿ ಗಂಟೆಗೊಮ್ಮೆ ತನ್ನದೇ ಗಡಿಯಾರ ನೋಡಿ ಒಂದು ಗುರುತು ಹಾಕಿರುತ್ತದೆ. ಗುರುತಿನಿಂದ ಗುರುತಿಗೆ ಎಷ್ಟು ಕಡಿಮೆಯಾಗಿದೆ ಎಂದು ನೋಡಿದೆವು. ಹರಳಿನ ತಪ್ಪಾಗಿದ್ದರೆ ಸೋರುವ ನಲ್ಲಿಯಂತೆ ಎಲ್ಲ ಗಂಟೆಯಲ್ಲೂ ತುಸುತುಸು ಹೋಗಬೇಕಿತ್ತು. ಹಾಗಿರಲಿಲ್ಲ. ಎಷ್ಟೋ ಗಂಟೆಗಳಲ್ಲಿ ಏನೂ ಹೋಗಿರಲಿಲ್ಲ. ಕೆಲವದರಲ್ಲಿ ಎರಡು ಸೆಕೆಂಡು ಚಿಲ್ಲರೆ. ಕೆಲವದರಲ್ಲಿ ಸರಿಯಾಗಿ ಅದರ ಎರಡರಷ್ಟು.

“ಇಡಿಯಾಗಿ ಹೋಗಿದೆ,” ಅಂದ ಅವನು. “ಪ್ರತಿ ಸಲ ಎರಡು ಸಾವಿರದ ನಲವತ್ತೆಂಟು ಮಿಲಿಸೆಕೆಂಡು.”

ಅದು ನನ್ನದೇ ಸಂಖ್ಯೆ.

ಸುಮ್ಮನಿದ್ದ ಹೊತ್ತನ್ನು ಎಣಿಸುವ ಕೌಂಟರು ಮೊದಲು ಎಂಟು ಸೆಕೆಂಡಿನವರೆಗೆ ಎಣಿಸುತ್ತಿತ್ತು. ಎರಡು ವರ್ಷದ ಹಿಂದೆ ಎರಡು ಬಿಟ್ ಕತ್ತರಿಸಿ ಅದನ್ನು ಎರಡು ಸೆಕೆಂಡಿಗೆ ಇಳಿಸಿದವಳು ನಾನು. ಒಂಬತ್ತು ನ್ಯಾನೋವ್ಯಾಟ್ ವಿದ್ಯುತ್ ಉಳಿಯಿತು. ಮೇಷ್ಟ್ರು, ಅಂದರೆ ನಮ್ಮ ಸಂಶೋಧನೆಯ ಗೈಡ್, ಎಲ್ಲರೆದುರು ಬೆನ್ನು ತಟ್ಟಿದ್ದರು. ಎರಡು ಸೆಕೆಂಡು ದಾಟಿದರೆ ಕೌಂಟರು ಸೊನ್ನೆಗೆ ಮರಳಿ ಮತ್ತೆ ಮೊದಲಿಂದ ಎಣಿಸುತ್ತದೆ. ಅಂದರೆ ಹೃದಯ ಮೂರೂವರೆ ಸೆಕೆಂಡು ನಿಂತರೆ ಚಿಪ್ ಬರೆಯುವುದು ಒಂದೂವರೆ ಎಂದು. ನಾನು ಎರಡು ಸೆಕೆಂಡಿಗಿಂತ ಉದ್ದದ ಬಿಡುವನ್ನು ಹುಡುಕಿದ್ದೆ. ಅಂಥದ್ದನ್ನು ಬರೆಯಲು ಬಾರದ ಚಿಪ್ಪಿನಲ್ಲಿ ಹುಡುಕಿ, ಇಲ್ಲ ಎಂದು ಸಮಾಧಾನಪಟ್ಟಿದ್ದೆ.

ಎರಡು ಸೆಕೆಂಡು ಸಾಕು ಎಂದು ಅಂದು ಯಾಕೆ ಅನ್ನಿಸಿತು? ಲ್ಯಾಬಿನಲ್ಲಿದ್ದ ಪರೀಕ್ಷೆಯ ದಾಖಲೆಗಳಲ್ಲಿ ಅದಕ್ಕಿಂತ ಉದ್ದದ ಮೌನ ಇರಲೇ ಇಲ್ಲ. ಇರಲಿಲ್ಲ ಯಾಕೆಂದರೆ ನಾವೇ ಕತ್ತರಿಸುತ್ತಿದ್ದೆವು. ಗೆರೆ ಚಪ್ಪಟೆಯಾಗಿದ್ದರೆ ಪಟ್ಟಿ ಎದೆಯಿಂದ ಬಿಟ್ಟುಕೊಂಡಿದೆ ಎಂದೇ ಲೆಕ್ಕ. ಅದಕ್ಕೆ ನಮ್ಮಲ್ಲಿ ‘ಸತ್ತ ಭಾಗ’ ಎಂದು ಹೆಸರು. ಹೊಸದಾಗಿ ಸೇರಿದವರ ಮೊದಲ ಕೆಲಸವೇ ಸತ್ತ ಭಾಗ ತೆಗೆಯುವುದು. ನಾನೂ ಮೊದಲ ವರ್ಷ ತಿಂಗಳುಗಟ್ಟಲೆ ಅದನ್ನೇ ಮಾಡಿದ್ದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಸ್ಕೇಲು ಬೆರಳಿಟ್ಟು ಎಣಿಸಿದ. ಹತ್ತೊಂಬತ್ತು ಸಲ. ಹದಿನಾರು ಸಲ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರ ನಡುವೆ, ಅವಳು ಕ್ರೇನಿನಲ್ಲಿದ್ದಾಗ. ಮೊದಲ ದಿನ ಒಂದು, ಎರಡನೇ ದಿನ ಒಂದು, ಆಮೇಲೆ ಎರಡು, ಎರಡು, ಮೂರು, ನಾಲ್ಕು. ಕೊನೆಯ ದಿನ ಆರು. ಅದರ ಮೇಲೆ ಐದು ವಾರ ಕಳೆದಿದೆ.

ಅವನು ತಮಾಷೆ ಮಾಡಲಿಲ್ಲ. ಮೇಷ್ಟ್ರಿಗೆ ತಾನು ಹೇಳುತ್ತೇನೆ, ನಕ್ಷೆ ಕಳಿಸುವುದಿಲ್ಲ, ನೀನು ಮೊದಲು ಹೊರಡು ಅಂದ.

ವರ್ಕ್‌ಶಾಪಿನಲ್ಲಿ ಫೋನುಗಳನ್ನು ಗೇಟಿನ ಬಳಿ ಲಾಕರಿನಲ್ಲಿ ಇಟ್ಟುಹೋಗಬೇಕು. ಆದರೂ ಬಸ್ಸಿನಲ್ಲಿ ಕೂತು ಏಳು ಸಲ ಅವಳ ನಂಬರಿಗೆ ಮಾಡಿದೆ. ಕತ್ತಲ ಡಬ್ಬಿಯೊಳಗೆ ಅದು ಬಡಿದುಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಮೂರು ಸೆಕೆಂಡು ಎಂದರೆ ಎಷ್ಟು ದೀರ್ಘ ಎಂದು ಮೂರು ವರ್ಷ ಮಿಲಿಸೆಕೆಂಡುಗಳಲ್ಲಿ ಕೆಲಸ ಮಾಡಿದ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಹುಷಾರಿದ್ದೀಯಾ ಎಂದು ಕೇಳಿದರು. ತಲೆಯಾಡಿಸಿದೆ.

ಗೇಟಿನ ಕಾವಲಿನವರು ಏನು ವಿಷಯ ಎಂದು ಕೇಳಿದರು. ನಿಜ ಹೇಳಿದರೆ ಅರ್ಧ ಗಂಟೆಯಲ್ಲಿ ಇಡೀ ವರ್ಕ್‌ಶಾಪಿಗೆ ಗೊತ್ತಾಗುತ್ತದೆ. ಅವಳು ತಾನಾಗಿ ಇಳಿಯುವುದು ಬೇರೆ, ನಾನು ಇಳಿಸುವುದು ಬೇರೆ. ಮನೆಯಲ್ಲಿ ತುರ್ತು ಎಂದಷ್ಟೇ ಅಂದೆ. ಅವರು ನನ್ನನ್ನು ಲಂಗ ಹಾಕುತ್ತಿದ್ದ ಕಾಲದಿಂದ ಬಲ್ಲವರು. ಸೂಪರ್‌ವೈಸರಿಗೆ ಫೋನು ಹಚ್ಚಿದರು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದರು. ಆಮೇಲೆ ನನ್ನ ಮುಖ ನೋಡಿ, ಒಂದು ಹೆಲ್ಮೆಟ್ಟು ಕೈಗಿಟ್ಟು, ಹಳದಿ ಗೆರೆ ದಾಟಬೇಡ ಮಗಳೇ, ಪಾಳಿ ಮುಗಿಯೋವರೆಗೆ ಅಲ್ಲೇ ನಿಂತಿರು ಅಂದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು.

ಒಳಗೆ ಸದ್ದು ನೆಲದಿಂದ ಕಾಲಿಗೇ ಹತ್ತುತ್ತಿತ್ತು. ಹಳದಿ ಗೆರೆಯ ಮೇಲೆ ನಿಂತು ತಲೆಯೆತ್ತಿದೆ.

ಕ್ರೇನಿನ ಕೊಕ್ಕೆಯಲ್ಲಿ ಮರದ ಕಾಂಡದಷ್ಟು ದಪ್ಪದ ಒಂದು ಉಕ್ಕಿನ ದಂಡ. ಕೆಳಗೆ ಉಕ್ಕು ಕಡೆಯುವ ದೊಡ್ಡ ಲೇತ್ ಯಂತ್ರ. ದಂಡವನ್ನು ಅದರ ತೊಟ್ಟಿಲಿನಂಥ ಆಸರೆಯಲ್ಲಿ ಕೂರಿಸಲು ಇಬ್ಬರು ಎರಡೂ ತುದಿಗೆ ಕೈಕೊಟ್ಟು ನಿಂತಿದ್ದರು. ನನಗೆ ಬೆನ್ನು ಮಾಡಿ ಸಿಗ್ನಲ್‌ಮ್ಯಾನ್, ಬೆರಳು ಕೆಳಗೆ ಮಾಡಿ ನಿಧಾನ ಸುತ್ತುತ್ತಿದ್ದ. ಮೇಲೆ ಗಾಜಿನ ಗೂಡಿನಲ್ಲಿ ದೊಡ್ಡಮ್ಮ. ನೀಲಿ ಶರಟು, ಕತ್ತಿನ ಗುಂಡಿಯವರೆಗೆ ಬಿಗಿಯಾಗಿ ಹಾಕಿದ್ದು. ಸಡಿಲ ಬಿಟ್ಟರೆ ಶಿಸ್ತಲ್ಲ ಎನ್ನುತ್ತಾಳೆ. ಎಡಭುಜದ ಮೇಲಿಂದ ಕತ್ತನ್ನು ಪೂರ್ತಿ ಹೊರಳಿಸಿ ಕೆಳಗೆ ನೋಡುತ್ತಿದ್ದಳು.

ಬಟ್ಟೆ ಒಣಹಾಕುವಾಗ ಕತ್ತು ಹೀಗೇ ಹೊರಳಿತ್ತು. ಕಪಾಟಿನೆಡೆಗೂ.

ದಂಡ ಒಂದು ಗೇಣು ಇಳಿಯಿತು. ಇನ್ನೊಂದು ಗೇಣು. ನಿಂತಿತು. ಸಿಗ್ನಲ್‌ಮ್ಯಾನ್‌ನ ಬೆರಳು ಇನ್ನೂ ಸುತ್ತುತ್ತಲೇ ಇತ್ತು. ಅವಳು ಕೇಳಲಿಲ್ಲ. ಅವನು ತೋಳನ್ನು ಚಾಚಿ ದೊಡ್ಡದಾಗಿ ಸುತ್ತಿದ.

ಒಂದು.

ಕೂಗಿದರೆ ಯಾರಿಗೂ ಕೇಳುವುದಿಲ್ಲ. ತುದಿ ಹಿಡಿದವರಲ್ಲಿ ಒಬ್ಬ ತಲೆಯೆತ್ತಿ ಏನೋ ಗೊಣಗಿ, ಕೈಯನ್ನು ದಂಡದ ಕೆಳಗಿನಿಂದ ಸರಿಸದೆ ಹಾಗೇ ನಿಂತ.

ಎರಡು.

ನನ್ನ ಚಿಪ್ಪಾಗಿದ್ದರೆ ಇಲ್ಲಿಗೆ ಎಲ್ಲವನ್ನೂ ಮರೆತು ಮತ್ತೆ ಸೊನ್ನೆಯಿಂದ ಶುರುಮಾಡುತ್ತಿತ್ತು.

ಹಳದಿ ಗೆರೆ ದಾಟಿದೆ. ಆ ಇಬ್ಬರಿಗೂ ಎದುರಾಗಿ ನಿಂತು ಎರಡೂ ತೋಳು ಅಗಲಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ ಬೀಸಿದೆ. ಅವರು ನನ್ನನ್ನು ಎಂದೂ ಕಂಡವರಲ್ಲ. ಯಾರು, ಏನು, ಯಾಕೆ ಎಂದು ಕೇಳಲಿಲ್ಲ. ಇಬ್ಬರೂ ಒಟ್ಟಿಗೆ ಕೈ ಎಳೆದುಕೊಂಡು ಹಿಂದೆ ಸರಿದರು.

ಮೇಲೆ ನೀಲಿ ಶರಟು ಮುಂದಕ್ಕೆ, ಕ್ರೇನಿನ ಹಿಡಿಗಳ ಮೇಲೆ ವಾಲಿತು. ದಂಡ ತಟ್ಟನೆ ಮೊಳದಷ್ಟು ಕುಸಿದು, ಓರೆಯಾಗಿ, ತೊಟ್ಟಿಲ ಅಂಚಿಗೆ ಬಡಿಯಿತು. ಆ ಸದ್ದು ಉಳಿದೆಲ್ಲ ಸದ್ದನ್ನೂ ನುಂಗಿತು. ಒಬ್ಬನ ಕೈ ಕ್ಷಣದ ಹಿಂದೆ ಇದ್ದದ್ದು ಅಲ್ಲೇ. ಅವನು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

ಮತ್ತೆ ಮೇಲೆ ನೋಡಿದಾಗ ಅವಳು ನೆಟ್ಟಗೆ ಕೂತಿದ್ದಳು. ಎರಡೂ ಕೈಗಳನ್ನು ಹಿಡಿಗಳಿಂದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಳು. ಸಿಗ್ನಲ್‌ಮ್ಯಾನ್ ತಿರುಗಿ ನನ್ನನ್ನು ನೋಡಿದ. ಅವಳೂ ನೋಡಿದಳು.

ಏಣಿಗೆ ಮೂವತ್ತೆರಡು ಮೆಟ್ಟಿಲು. ಅವಳೊಬ್ಬಳೇ ಇಳಿದಳು. ಹತ್ತಿ ಹೋಗಿ ಕರೆತರುತ್ತೇನೆಂದ ಸಿಗ್ನಲ್‌ಮ್ಯಾನ್‌ನನ್ನು ಮೇಲಿಂದಲೇ ಕೈಸನ್ನೆಯಲ್ಲಿ ತಡೆದಳು. ಒಂದೊಂದು ಮೆಟ್ಟಿಲಿಗೂ ನಾನು ಎಣಿಸಿದೆ. ಹದಿನೆಂಟರಲ್ಲಿ ಅವಳು ನಿಂತಳು. ಕತ್ತಿನ ಗುಂಡಿ ಬಿಚ್ಚಿಕೊಂಡು ಮತ್ತೆ ಇಳಿದಳು.

“ಯಾವ ಪುಣ್ಯಾತ್ಗಿತ್ತಿ ಕೈ ಬೀಸ್ತಿರೋದು ಅಂತ ನೋಡ್ದೆ,” ಅಂದಳು. ತುಟಿ ಬಿಳಚಿತ್ತು. “ನೀನಾ? ಹೆಲ್ಮೆಟ್ ಸರಿಯಾಗಿ ಹಾಕ್ಕೋ.”

ನೆಟ್ಟಗೆ ಹೇಳಿಬಿಟ್ಟೆ. ನಾನು ನೋಡಿದ್ದು ತಪ್ಪು, ಚಿಪ್ ತಪ್ಪು ಬರೆದಿದೆ, ಆ ಚಿಪ್ಪನ್ನು ಹಾಗೆ ಮಾಡಿದ್ದು ನಾನೇ, ಹತ್ತೊಂಬತ್ತು ಸಲ ನಿನ್ನ ಹೃದಯ ನಿಂತಿತ್ತು. ಆ ಗದ್ದಲದಲ್ಲಿ ಅವಳ ಕಿವಿಗೆ ಬಾಯಿಟ್ಟು ಹೇಳಬೇಕಾಯಿತು. ವರ್ಷಗಳಲ್ಲಿ ಅವಳಿಗೆ ಒಟ್ಟಿಗೆ ಅಷ್ಟು ಮಾತು ಹೇಳಿರಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಓರೆಯಾಗಿ ಕೂತಿದ್ದ ದಂಡವನ್ನು ನೋಡಿದಳು. ಇನ್ನೂ ಅಂಗೈ ಉಜ್ಜಿಕೊಳ್ಳುತ್ತಿದ್ದ ಆ ಮನುಷ್ಯನನ್ನು ನೋಡಿದಳು.

“ನೀನು ಹೇಳಿದ್ದಕ್ಕೆ ಹತ್ತಲಿಲ್ಲ ಕಣೇ ನಾನು. ನಂಗೆ ಹತ್ತಬೇಕಿತ್ತು, ಹತ್ತಿದೆ. ಮೇಲೆ ಎರಡು ಮೂರು ಸಲ ಕಣ್ಣು ಕತ್ತಲಾಗಿದ್ದು ನಿಂಗೆ ಹೇಳಿದ್ನಾ? ಗಡಿಯಾರ ಅಂದ್ಯಲ್ಲ, ಅಷ್ಟು ಸಾಕಿತ್ತು.”

ಅದು ನನ್ನನ್ನು ಹಗುರ ಮಾಡಲು ಹೇಳಿದ ಮಾತೋ, ನಿಜವೋ, ಇವತ್ತಿಗೂ ತಿಳಿಯದು. ಹಗುರವಂತೂ ಆಗಲಿಲ್ಲ. ಅವಳು ಸೊಂಟದಿಂದ ಕ್ರೇನಿನ ಕೀಲಿ ಬಿಡಿಸಿಕೊಂಡು, ಓಡುತ್ತ ಬಂದ ಸೂಪರ್‌ವೈಸರಿನ ಕೈಯಲ್ಲಿಟ್ಟಳು. ನನಗೆ ಮೂರು ತಿಂಗಳಿಂದ ತಲೆ ತಿರುಗುತ್ತಿದೆ, ಮುಚ್ಚಿಟ್ಟಿದ್ದೆ, ಇವತ್ತು ಒಬ್ಬರ ಕೈ ಹೋಗುತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನನ್ನ ಚಿಪ್ಪಿನ ವಿಷಯ ಎತ್ತಲಿಲ್ಲ.

ಮೇಷ್ಟ್ರು ಸಂಜೆ ಫೋನು ಮಾಡಿದರು. ಐದು ಗಂಟೆ ದಾಟಿತ್ತು, ಚಿಪ್ ತಯಾರಿಸುವವರಲ್ಲಿ ನಮ್ಮ ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸತ್ತ ಭಾಗ ಕತ್ತರಿಸಬೇಕು ಎಂದು ಮೊದಲು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ನೀವೇ ಸರ್ ಎಂದೆ. ಲೈನು ಕಡಿದಿಲ್ಲ ಎಂದು ಗೊತ್ತಿತ್ತು, ಅವರ ಮನೆಯ ಫ್ಯಾನು ಕೇಳುತ್ತಿತ್ತು. ಹಳೆಯ ದಾಖಲೆಗಳ ಮೂಲ ಕಡತ ಎಲ್ಲಾದರೂ ಉಳಿದಿದೆಯಾ ನೋಡು ಎಂದು ಹೇಳಿ ಇಟ್ಟರು. ನೋಡಿದೆ. ಉಳಿದಿರಲಿಲ್ಲ. ಜಾಗ ಉಳಿಸಲು ಅಳಿಸಿದ್ದೆವು. ಅವುಗಳಲ್ಲಿ ಎಷ್ಟು ಪಟ್ಟಿ ಕಿತ್ತು ಬಂದದ್ದು, ಎಷ್ಟು ನಿಜವಾಗಿ ಹೃದಯ ನಿಂತದ್ದು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಮೂರನೇ ದಿನ ಆಸ್ಪತ್ರೆಯ ಒಂದು ಚಿಕ್ಕ ಕೋಣೆಯಲ್ಲಿ ಅವಳನ್ನು ಮಲಗಿಸಿದರು. ಎದೆಗೆ, ಕೈಗೆ, ಕಾಲಿಗೆ ತಂತಿ. ಪಕ್ಕದಲ್ಲಿ ಹಳೆಯ ಕಾಲದ ಯಂತ್ರ, ಕಾಗದದ ಮೇಲೆ ಸೂಜಿಯಿಂದ ಗೆರೆ ಎಳೆಯುವಂಥದ್ದು. ನರ್ಸು ತುರ್ತಿನ ಔಷಧಿಯ ಸಿರಿಂಜು ಹಿಡಿದು ನಿಂತಿದ್ದರು. ಅದನ್ನು ಕಂಡು ನಾನು ಗೋಡೆಗೆ ಒರಗಿ ನಿಂತೆ. ಡಾಕ್ಟರಮ್ಮ ಏನು ಮಾಡುತ್ತೇನೆಂದು ಮೊದಲೇ ತಿಳಿಸಿದ್ದರು. ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಐದು ಸೆಕೆಂಡು ಒತ್ತುವುದು, ಅಷ್ಟೆ. ಅಲ್ಲಿ ಒತ್ತಡ ಬಿದ್ದರೆ ಕೆಲವರ ಹೃದಯ ಕೆಲ ಕ್ಷಣ ನಿಲ್ಲುತ್ತದಂತೆ. ಬಿಗಿ ಕಾಲರು, ಹೊರಳಿದ ಕತ್ತು ಒತ್ತುವುದೂ ಅದೇ ಜಾಗವನ್ನಂತೆ.

“ನೋವಾಗತ್ತಾ?” ಎಂದಳು ದೊಡ್ಡಮ್ಮ.

“ಇಲ್ಲಮ್ಮ.”

“ಮತ್ತೆ ಇವಳ್ಯಾಕೆ ಹೀಗೆ ನಿಂತಿದಾಳೆ, ಹೊರಗೆ ಕಳಿಸಿ.”

ಯಾರೂ ಕಳಿಸಲಿಲ್ಲ. ಡಾಕ್ಟರಮ್ಮ ಒತ್ತಿದರು. ಎರಡು ಬಡಿತ ಬಂತು, ಗೆರೆ ಎರಡು ಸಲ ನೆಗೆಯಿತು. ಆಮೇಲೆ ನೆಗೆಯಲಿಲ್ಲ.

ಕಾಗದ ಮಾತ್ರ ಓಡುತ್ತಲೇ ಇತ್ತು. ಏನೂ ಆಗದಿರುವುದನ್ನು ಆ ಯಂತ್ರ ಒಂದು ಚೂರೂ ಬಿಡದೆ ಬರೆಯಿತು. ನೇರ ಗೆರೆ, ಅಂಗುಲದ ಮೇಲೆ ಅಂಗುಲ, ಮೇಜಿನ ಅಂಚು ದಾಟಿ ಕೆಳಗಿಳಿಯಿತು. ಸೂಜಿ ಕಾಗದಕ್ಕೆ ಉಜ್ಜುವ ಸಣ್ಣ ಸದ್ದು. ಅವಳ ಕಣ್ಣುಗುಡ್ಡೆ ಮೇಲೆ ಸರಿದದ್ದು ಕಂಡಿತು. ಮೂರು. ನರ್ಸು ಒಂದು ಹೆಜ್ಜೆ ಮುಂದೆ ಬಂದರು. ಡಾಕ್ಟರಮ್ಮ ಬೆರಳು ತೆಗೆದರು. ನಾಲ್ಕು. ಮೊದಲ ವರ್ಷದಲ್ಲಾದರೆ ಇದನ್ನು ನೋಡಿದ ಕೂಡಲೇ ಕತ್ತರಿಸುತ್ತಿದ್ದೆ.

ಗೆರೆ ನೆಗೆಯಿತು. ತುಸು ತಡೆದು ಇನ್ನೊಮ್ಮೆ. ಆಮೇಲೆ ಸಾಲಾಗಿ.

ಡಾಕ್ಟರಮ್ಮ ಕಾಗದವನ್ನು ಎತ್ತಿ ಚೌಕಗಳನ್ನು ಎಣಿಸಿ, ಅಂಚಿನಲ್ಲಿ ನಾಲ್ಕು ಪಾಯಿಂಟ್ ಮೂರು ಎಂದು ಬರೆದರು. ಪೇಸ್‌ಮೇಕರ್ ಹಾಕಬೇಕು, ಈ ವಾರವೇ ಎಂದರು. ನಾನು ಆ ಚಪ್ಪಟೆ ಗೆರೆಯ ಒಂದು ಪ್ರತಿ ಕೇಳಿದೆ. ಯಾಕೆಂದು ಕೇಳಿದರು. ನಮ್ಮ ಲ್ಯಾಬಿನಲ್ಲಿ ಇಂಥದ್ದು ಒಂದೂ ಇಲ್ಲ ಎಂದೆ.

ದೊಡ್ಡಮ್ಮ ಕಣ್ಣು ಬಿಟ್ಟಿದ್ದಳು. ಬಾಯಲ್ಲಿ ಮಾತು ಇನ್ನೂ ಬಂದಿರಲಿಲ್ಲ. ತಂತಿ ಕಟ್ಟಿದ ಕೈಯನ್ನು ಹಾಸಿಗೆಯಿಂದ ಸ್ವಲ್ಪ ಬಿಡಿಸಿ, ತೋರುಬೆರಳನ್ನು ಮೇಲೆ ಮಾಡಿ ಗಾಳಿಯಲ್ಲಿ ನಿಧಾನ ಒಂದು ಸುತ್ತು ಹಾಕಿದಳು. ನರ್ಸು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಬಗ್ಗಿ, ಮಂಚದ ಕೆಳಗಿನ ಹಿಡಿಯನ್ನು ಹುಡುಕಿ ತಿರುಗಿಸಿದೆ. ಅವಳ ತಲೆಯ ಭಾಗ ಮೇಲೇರತೊಡಗಿತು. ಅವಳ ಅಂಗೈ ನೆಲಕ್ಕೆ ತಿರುಗುವವರೆಗೂ ನಿಲ್ಲಿಸಲಿಲ್ಲ.